ಆಕ್ಟಿವ್ ಪಿಕಪ್ ಹಾಕಿಸಬೇಕೇ, ಬೇಡವೇ? ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವೈರಿಂಗ್ ಮಾಡಿಸಲು ಗಿಟಾರ್ ತರುವವರು, ಮೆಸೇಜ್ ಕಳಿಸುವವರು, ಪ್ರೋಗ್ರಾಮ್ ಮುಗಿದ ಮೇಲೆ ವೇದಿಕೆ ಪಕ್ಕದಲ್ಲಿ ಕಾದು ನಿಲ್ಲುವವರು, ಎಲ್ಲರೂ ಸುತ್ತಿ ಬಳಸಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರಿಗೆ ಬೇಕಾದದ್ದು ಮೊದಲಿಗಿದೆ, ಸೋಲ್ಡರಿಂಗ್ ಕಡ್ಡಿ ಹಿಡಿಯುವವರಿಗೆ ಬೇಕಾದದ್ದು ಕೊನೆಗಿದೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಪರಿಚಯ

ಆಕ್ಟಿವ್ ಪಿಕಪ್ ಅಂದ್ರೆ ಏನು ಸರ್? ಎಲ್ಲಾ ಪಿಕಪ್ಪೂ ಕರೆಂಟಿಂದಾನೇ ಅಲ್ವಾ ಕೆಲಸ ಮಾಡೋದು?

ಪಿಕಪ್ ಯಾವುದೇ ಇರಲಿ, ಒಳಗಿರುವುದು ಒಂದು ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತಾಮ್ರದ ತಂತಿ. ಅದರ ಮೇಲೆ ಗಿಟಾರಿನ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ಹಾಗೆಯೇ ಹೊರಗೆ ಕಳಿಸಿದರೆ ಪ್ಯಾಸಿವ್ ಪಿಕಪ್. ಅದಕ್ಕೆ ಬ್ಯಾಟರಿ ಬೇಡ. ಆದರೆ ಸಿಗ್ನಲ್ ಸಾಕಷ್ಟು ಬರಬೇಕಾದರೆ ಸುರುಳಿ ದೊಡ್ಡದಾಗಿರಬೇಕು. ಸ್ಟ್ರ್ಯಾಟೋಕ್ಯಾಸ್ಟರ್ ಗಿಟಾರಿನ ಒಂದು ಪಿಕಪ್‌ನಲ್ಲಿ ಕೂದಲೆಳೆಯಂಥ ತಂತಿ ಏಳೆಂಟು ಸಾವಿರ ಸುತ್ತು ಇರುತ್ತದೆ.

ಆಕ್ಟಿವ್ ಪಿಕಪ್‌ನಲ್ಲಿ ಸುತ್ತು ಕಡಿಮೆ, ಅಯಸ್ಕಾಂತದ ಸೆಳೆತವೂ ಸಾಮಾನ್ಯವಾಗಿ ಕಡಿಮೆ. ಹುಟ್ಟುವ ಸಿಗ್ನಲ್ ತೀರಾ ಸಣ್ಣದಾದ್ದರಿಂದ ಅದೇ ಡಬ್ಬಿಯೊಳಗೆ ಒಂದು ಪುಟ್ಟ ಪ್ರೀಆಂಪ್ ಕೂರಿಸಿ ಅಲ್ಲೇ ಎತ್ತಿ ಹೊರಗೆ ಕಳಿಸುತ್ತಾರೆ. ಗಿಟಾರ್ ಹಿಂಬದಿಯಲ್ಲಿರುವ 9 ವೋಲ್ಟ್ ಬ್ಯಾಟರಿ ಆ ಪ್ರೀಆಂಪ್‌ಗಾಗಿ ಇರುವುದು. ಅಯಸ್ಕಾಂತಕ್ಕೂ ಸುರುಳಿಗೂ ಅದು ಬೇಕಾಗಿಲ್ಲ.

ಬ್ಯಾಟರಿ ಇಲ್ದೇನೇ ಇಷ್ಟು ವರ್ಷ ಚೆನ್ನಾಗೇ ನಡೆದಿತ್ತಲ್ಲ, ಇದು ಯಾಕೆ ಬೇಕಾಯ್ತು?

ಕೇಬಲ್ ಕಾರಣಕ್ಕೆ. ಹಳೆಯ ಟಾರ್ಚ್ ಸೆಲ್ಲನ್ನು ಮೀಟರಿಗೆ ಹಿಡಿದರೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಬಲ್ಬ್ ಹಚ್ಚಿದ ತಕ್ಷಣ ಕುಸಿಯುತ್ತದೆ. ಒಳಗಿನ ತಡೆ ಹೆಚ್ಚಿರುವುದರಿಂದ ಅದಕ್ಕೆ ಭಾರ ಹೊರಲು ಆಗುವುದಿಲ್ಲ. ಪ್ಯಾಸಿವ್ ಪಿಕಪ್ಪಿಗೂ ಇದೇ ತೊಂದರೆ. ಮಾಮೂಲಿ ಗಿಟಾರ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟನ್ಸ್ ಇರುತ್ತದೆ. ಕೇಬಲ್ ಉದ್ದವಾದಷ್ಟೂ ಪಿಕಪ್ಪಿನ ಮೇಲೆ ಭಾರ ಹೆಚ್ಚಿ, ಮೇಲಿನ ಸ್ವರಗಳ ಹೊಳಪು ಕರಗುತ್ತದೆ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಒಂದಕ್ಕೆ 3 ಮೀಟರ್ ಕೇಬಲ್ ಹಾಕಿದಾಗ ಅದರ ಅನುರಣನದ ಶಿಖರ (ಸ್ವರ ಅತಿ ಎದ್ದು ಕೇಳುವ ಕಂಪನಾಂಕ) 5 ಕಿಲೋಹರ್ಟ್ಸ್ ಹತ್ತಿರ ಇದ್ದರೆ, 10 ಮೀಟರ್ ಹಾಕಿದಾಗ 3 ಕಿಲೋಹರ್ಟ್ಸ್ ಹತ್ತಿರಕ್ಕೆ ಇಳಿಯುತ್ತದೆ. ಈ ವ್ಯತ್ಯಾಸ ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಆಕ್ಟಿವ್ ಪಿಕಪ್ಪಿನ ಹೊರಬಾಯಿಯ ಇಂಪೀಡನ್ಸ್ (ಒಳಗಿನ ತಡೆ) ಸುಮಾರು 10 ಕಿಲೋ ಓಮ್ ಮಾತ್ರ. ಅದೇ 10 ಮೀಟರ್ ಕೇಬಲ್ ಸಿಕ್ಕಿಸಿದರೂ ನಷ್ಟ ಶುರುವಾಗುವುದು 15 ಕಿಲೋಹರ್ಟ್ಸ್ ದಾಟಿದ ಮೇಲೆ. ಗಿಟಾರ್ ಆಂಪಿನ ಸ್ಪೀಕರ್ 5 ಕಿಲೋಹರ್ಟ್ಸ್ ಆಚೆಗೇ ಕೈಚೆಲ್ಲುವುದರಿಂದ ಆ ನಷ್ಟ ನಮಗೆ ಲೆಕ್ಕಕ್ಕಿಲ್ಲ.

ಈ ಯೋಚನೆ ಮೊಳೆತದ್ದು ಕ್ಯಾಲಿಫೋರ್ನಿಯಾದಲ್ಲಿ. 1960ರ ದಶಕದ ಕೊನೆಗೆ ಅಲೆಂಬಿಕ್ ಕಂಪನಿಯ ರಾನ್ ವಿಕರ್‌ಶಾಮ್ ಅವರು ಗ್ರೇಟ್‌ಫುಲ್ ಡೆಡ್ ತಂಡದ ವಾದ್ಯಗಳೊಳಗೆ ಪ್ರೀಆಂಪ್ ಕೂರಿಸತೊಡಗಿದರು. ಪ್ರೀಆಂಪನ್ನು ಪಿಕಪ್ ಡಬ್ಬಿಯೊಳಗೇ ಅಡಗಿಸಿ ಮನೆಮಾತಾಗಿಸಿದ್ದು ರಾಬ್ ಟರ್ನರ್. ಅವರು 1976ರಲ್ಲಿ ಶುರುಮಾಡಿದ ಉದ್ಯಮವೇ ಇಂದಿನ ಇಎಂಜಿ.

ನನ್ನ ಗಿಟಾರ್ ಪಿಕಪ್ ಮೇಲೆ ಇಎಂಜಿ ಅಂತ ಬರ್ದಿದೆ, ಆದ್ರೆ ಬ್ಯಾಟರಿ ಎಲ್ಲೂ ಇಲ್ಲ. ಮೋಸ ಹೋದ್ನಾ?

ಹಾಗೇನೂ ಅಲ್ಲ. ಇಎಂಜಿಯವರು ಎಚ್‌ಜೆಡ್ ಎಂಬ ಪ್ಯಾಸಿವ್ ಸರಣಿಯನ್ನೂ ಮಾಡುತ್ತಾರೆ. ನೋಡಲು ಅದೇ ಕಪ್ಪು ಮುಚ್ಚಿದ ಡಬ್ಬಿ, ಹಾಗಾಗಿ ಗೊಂದಲ ಸಹಜ. ಮಧ್ಯಮ ಬೆಲೆಯ ಎಷ್ಟೋ ಗಿಟಾರುಗಳಲ್ಲಿ ಇವು ಬಂದಿವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮಾತ್ರ ಹುಷಾರಾಗಿರಿ. "ಇಎಂಜಿ ಇದೆ" ಎಂದು ಹೆಚ್ಚು ಬೆಲೆ ಕೇಳಿದರೆ ಹಿಂದಿನ ಪ್ಲೇಟ್ ಬಿಚ್ಚಿಸಿ ನೋಡಿ. ಬ್ಯಾಟರಿ ಕ್ಲಿಪ್ ಇಲ್ಲದಿದ್ದರೆ ಅದು ಆಕ್ಟಿವ್ ಅಲ್ಲ.

ನನ್ನ ಅಕೌಸ್ಟಿಕ್‌ನಲ್ಲೂ ಬ್ಯಾಟರಿ ಇದೆ, ಫ್ರೆಂಡ್ ಬೇಸ್ ಗಿಟಾರ್‌ನಲ್ಲೂ ಇದೆ. ಅವೂ ಆಕ್ಟಿವ್ ಪಿಕಪ್ಪೇನಾ?

ಅಲ್ಲ. ಅಕೌಸ್ಟಿಕ್‌ನಲ್ಲಿ ಬ್ರಿಡ್ಜ್ ಅಡಿ ಇರುವುದು ಸಾಮಾನ್ಯವಾಗಿ ಪೀಜೋ ಪಟ್ಟಿ. ಅದರ ಪ್ರೀಆಂಪ್ ಬೇರೆಯೇ ಬಗೆಯದು. ಬೇಸ್ ಗಿಟಾರುಗಳಲ್ಲಿ ಹೆಚ್ಚಿನವು ಪ್ಯಾಸಿವ್ ಪಿಕಪ್ ಇಟ್ಟುಕೊಂಡು, ಅದರ ಮುಂದೆ ಬೇಸ್-ಟ್ರೆಬಲ್ ಏರಿಸಿ ಇಳಿಸುವ ಪ್ರೀಆಂಪ್ ಹಾಕಿದಂಥವು. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಇದಕ್ಕೆ ಹೆಸರುವಾಸಿ. ಅಂಗಡಿಯವರು ಎರಡಕ್ಕೂ "ಆಕ್ಟಿವ್" ಎಂದೇ ಹೇಳುತ್ತಾರೆ. ಪಿಕಪ್ ಆಕ್ಟಿವ್ವೋ ಸರ್ಕ್ಯೂಟ್ ಆಕ್ಟಿವ್ವೋ ಎಂದು ಕೇಳಿಯೇ ಕೊಳ್ಳಿ.

## ಕೊಳ್ಳುವ ಮುನ್ನ

ಈಗಷ್ಟೇ ಕಲೀತಾ ಇದೀನಿ ಅಣ್ಣಾ. ಪಿಕಪ್ ಬದಲಾಯಿಸಿದ್ರೆ ಗಿಟಾರ್ ಚೆನ್ನಾಗಿ ಕೇಳ್ಸುತ್ತಾ?

ಈಗ ಬೇಡ ತಮ್ಮಾ. ಹೊರದೇಶದಿಂದ ಬರುವ ಒಂದು ಜೊತೆ ಆಕ್ಟಿವ್ ಪಿಕಪ್ಪಿನ ದುಡ್ಡಿಗೆ ಕಲಿಯುವವರ ಒಂದು ಗಿಟಾರೇ ಬರುತ್ತದೆ. ಆ ದುಡ್ಡಿನಲ್ಲಿ ಸಣ್ಣ ಭಾಗವನ್ನು ಒಳ್ಳೆಯ ಸೆಟಪ್‌ಗೆ, ಹೊಸ ತಂತಿಗೆ ಹಾಕಿ. ಅದಕ್ಕೂ ಮುಂಚೆ ಕಾಸಿಲ್ಲದ ಒಂದು ಕೆಲಸ ಮಾಡಿ: ಪಿಕಪ್ಪಿನ ಎತ್ತರ ಸರಿಮಾಡಿ. ಕೊನೆಯ ಫ್ರೆಟ್ ಒತ್ತಿ ಹಿಡಿದು, ತಂತಿಗೂ ಪಿಕಪ್ಪಿಗೂ ನಡುವಿನ ಅಂತರ ಅಳೆಯಿರಿ. ಹಂಬಕರ್ (ಹಮ್ ತಗ್ಗಿಸಲು ಎರಡು ಸುರುಳಿ ಜೋಡಿಸಿದ ಪಿಕಪ್) ಆಗಿದ್ದರೆ ಬ್ರಿಡ್ಜ್ ಕಡೆ ಸುಮಾರು 1.6 ಮಿಲಿಮೀಟರ್, ನೆಕ್ ಕಡೆ ಸುಮಾರು 2.4 ಮಿಲಿಮೀಟರ್ ಇಟ್ಟು ಅಲ್ಲಿಂದ ಕಿವಿ ಹೇಳಿದಂತೆ ಏರಿಸಿ, ಇಳಿಸಿ. "ಪಿಕಪ್ ಸರಿಯಿಲ್ಲ" ಎಂದು ನನ್ನ ಮೇಜಿಗೆ ಬರುವ ಎಷ್ಟೋ ಗಿಟಾರುಗಳು ಈ ಎರಡು ಸ್ಕ್ರೂ ತಿರುಗಿಸುವುದರಲ್ಲೇ ಸರಿಹೋಗುತ್ತವೆ.

ಮೆಟಲ್ ನುಡಿಸೋಕೆ ಆಕ್ಟಿವ್ ಬೇಕೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ. ಟೋನಿ ಅಯೋಮಿ 1970ರಲ್ಲಿ ಬ್ಲ್ಯಾಕ್ ಸಬ್ಬತ್ ತಂಡದಲ್ಲಿ ಈ ಸಂಗೀತಕ್ಕೆ ಬುನಾದಿ ಹಾಕಿದಾಗ ಇಎಂಜಿ ಹುಟ್ಟಿಯೇ ಇರಲಿಲ್ಲ. ಪ್ಯಾಂಟೆರಾದ ಡೈಮ್‌ಬ್ಯಾಗ್ ಡ್ಯಾರೆಲ್ ಕೊನೆಯವರೆಗೂ ಪ್ಯಾಸಿವ್ ಹಂಬಕರ್‌ಗಳನ್ನೇ ನಂಬಿದ್ದವರು.

ಆದರೆ ಮೆಟಲ್‌ಗೂ ಆಕ್ಟಿವ್‌ಗೂ ನಂಟು ಬೆಳೆದದ್ದಕ್ಕೆ ಗಟ್ಟಿ ಕಾರಣವಿದೆ. ಪಾಮ್ ಮ್ಯೂಟ್ ಮಾಡಿ (ಅಂಗೈ ಅಂಚಿನಿಂದ ತಂತಿ ಒತ್ತಿ) ವೇಗವಾಗಿ ರಿಫ್ ಹೊಡೆಯುವಾಗ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕು, ಕೆಳಗಿನ ತಂತಿ ಗದಗದ ಎನ್ನಬಾರದು, ಎರಡು ಪೆಟ್ಟುಗಳ ನಡುವೆ ನಿಶ್ಶಬ್ದ ಇರಬೇಕು. ಸೆರಾಮಿಕ್ ಅಯಸ್ಕಾಂತದ ಇಎಂಜಿ 81 ಈ ಮೂರನ್ನೂ ಒಟ್ಟಿಗೆ ಕೊಡುತ್ತದೆ. ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಬ್ರಿಡ್ಜ್‌ನಲ್ಲಿ 81, ನೆಕ್‌ನಲ್ಲಿ 60 ಇಟ್ಟುಕೊಂಡದ್ದು, ಜ್ಯಾಕ್ ವೈಲ್ಡ್ 81ರ ಜೊತೆಗೆ 85 ಇಟ್ಟುಕೊಂಡದ್ದು ಹೀಗೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದ ಮೇಲೆ ನಮ್ಮ ಕಡೆ ಇಎಂಜಿ ಕೇಳುವ ಹುಡುಗರು ಹೆಚ್ಚಾದರು. ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಆ ದನಿಯಲ್ಲಿ ಆಂಪಿನ ಪಾಲೂ ಬಲಗೈಯ ಪಾಲೂ ಪಿಕಪ್ಪಿನದಕ್ಕಿಂತ ದೊಡ್ಡದು.

ಆಕ್ಟಿವ್ ಸೌಂಡಲ್ಲಿ ಜೀವ ಇರಲ್ಲ, ಮಿಷನ್ ತರ ಇರುತ್ತೆ ಅಂತಾರಲ್ಲ, ನಿಜಾನಾ?

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎನ್ನುವವರನ್ನು ನಂಬಬೇಡಿ. ದೂರು ಯಾವುದರ ಬಗ್ಗೆ ಎಂದು ಮೊದಲು ಬಿಡಿಸಿ ನೋಡಬೇಕು.

ಪ್ಯಾಸಿವ್ ಪಿಕಪ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ವಾಲ್ಯೂಮ್ ನಾಬ್, ಟೋನ್ ನಾಬ್, ಕೇಬಲ್, ಆಮೇಲೆ ಸಿಗುವ ಮೊದಲ ಪೆಡಲ್, ಎಲ್ಲವೂ ಸೇರಿ ಅದರ ಸ್ವರವನ್ನು ರೂಪಿಸುತ್ತವೆ. ವಾಲ್ಯೂಮನ್ನು 10ರಿಂದ 6ಕ್ಕೆ ಇಳಿಸಿದರೆ ಗಟ್ಟಿತನದ ಜೊತೆಗೆ ಹೊಳಪೂ ಸ್ವಲ್ಪ ಮೆತ್ತಗಾಗುತ್ತದೆ. ಬ್ಲೂಸ್ ನುಡಿಸುವವರು ಕಿರುಬೆರಳಿನಲ್ಲಿ ಸದಾ ಆ ನಾಬ್ ಆಡಿಸುತ್ತಿರುವುದು ಇದಕ್ಕೇ. ಆಕ್ಟಿವ್‌ನಲ್ಲಿ ಸ್ವರ ಡಬ್ಬಿಯೊಳಗೇ ತೀರ್ಮಾನವಾಗಿ ಹೊರಬರುತ್ತದೆ. ವಾಲ್ಯೂಮ್ ಇಳಿಸಿದರೆ ಸದ್ದು ಇಳಿಯುತ್ತದೆ, ಬಣ್ಣ ಹಾಗೆಯೇ ಉಳಿಯುತ್ತದೆ. ಕೇಬಲ್ ಬದಲಿಸಿದರೂ ಅಷ್ಟೇ. ಪ್ರತಿ ಊರಿನಲ್ಲೂ ಅದೇ ದನಿ ಬೇಕು ಎನ್ನುವವರಿಗೆ ಇದು ವರ. ಗಿಟಾರಿನ ಮೇಲೆಯೇ ಬಣ್ಣ ಬೆರೆಸುವವರಿಗೆ ಕೈ ಕಟ್ಟಿದಂತೆ.

ಎರಡನೆಯದು ಪೆಟ್ಟಿನ ಏರಿಳಿತ. 9 ವೋಲ್ಟಿನ ಪ್ರೀಆಂಪ್‌ಗೆ ಒಂದು ಮಿತಿ ಇದೆ. ಪಿಕಪ್ಪನ್ನು ತಂತಿಗೆ ತೀರಾ ಹತ್ತಿರ ಏರಿಸಿ ಜೋರಾಗಿ ಹೊಡೆದರೆ ಸಿಗ್ನಲ್‌ನ ತಲೆ ತಟ್ಟಿದಂತಾಗಿ, ಮೆಲುವಾಗಿ ಮೀಟಿದ್ದಕ್ಕೂ ಜೋರಾಗಿ ಮೀಟಿದ್ದಕ್ಕೂ ಅಂತರ ಕಿರಿದಾಗುತ್ತದೆ. ಲೀಡ್ ನುಡಿಸುವಾಗ ಈ ಸಮತಟ್ಟು ಹಿತ. ಬೆರಳಿನಲ್ಲಿ ಜಾಜ್ ಕಾರ್ಡ್ ಮೀಟುವವರಿಗೆ ಇದೇ "ಜೀವ ಇಲ್ಲ" ಎನಿಸುವುದು.

ಆದರೂ ಆಕ್ಟಿವ್ ಎಂದರೆ ಮೆಟಲ್ ಸದ್ದು ಮಾತ್ರ ಎಂದುಕೊಂಡಿದ್ದರೆ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಅವರನ್ನು ಕೇಳಿ. 1980ರ ದಶಕದ ಕೊನೆಯಿಂದ 1994ರ ಪ್ರವಾಸದವರೆಗೆ ಅವರ ಕೈಯಲ್ಲಿದ್ದ ಕೆಂಪು ಸ್ಟ್ರ್ಯಾಟೋಕ್ಯಾಸ್ಟರ್‌ನಲ್ಲಿ ಇದ್ದದ್ದು ಇಎಂಜಿ ಎಸ್‌ಎ ಪಿಕಪ್‌ಗಳು. ಆ ಕಾಲದ ಅವರ ಉದ್ದುದ್ದ ಎಳೆಯುವ ಸ್ವರಗಳಲ್ಲಿ ಜೀವ ಇಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು? 2005ರ ಲೈವ್ 8 ಕಾರ್ಯಕ್ರಮದಲ್ಲಿ ಅವರೇ ಪ್ಯಾಸಿವ್ ಪಿಕಪ್ಪಿನ ತಮ್ಮ ಹಳೆಯ ಕಪ್ಪು ಗಿಟಾರಿಗೆ ಮರಳಿದರು. ಎರಡರಲ್ಲೂ ಕೇಳಿಸುವುದು ಅವರೇ.

ಕರ್ನಾಟಕ ಸಂಗೀತ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಅಭ್ಯಾಸ ಮಾಡ್ತಿದ್ದೇನೆ. ಗಮಕಕ್ಕೆ ಯಾವುದು ಒಳ್ಳೆಯದು?

ಮ್ಯಾಂಡೊಲಿನ್ ಶ್ರೀನಿವಾಸ್ ಅವರು ಎಲೆಕ್ಟ್ರಿಕ್ ವಾದ್ಯದಲ್ಲೇ ಗಮಕವನ್ನು ಪೂರ್ಣವಾಗಿ ತೋರಿಸಿಕೊಟ್ಟ ಮೇಲೆ ಪಿಕಪ್ ಬಗ್ಗೆ ಸಂಕೋಚ ಪಡಬೇಕಾಗಿಲ್ಲ. ನಿಮ್ಮ ಪ್ರಶ್ನೆಗೆ ನಾನು ಆಕ್ಟಿವ್ ಕಡೆಗೇ ಸ್ವಲ್ಪ ವಾಲುತ್ತೇನೆ. ಅದಕ್ಕೆ ಎರಡು ಕಾರಣ. ಬಲವಾದ ಅಯಸ್ಕಾಂತ ತಂತಿಗೆ ಹತ್ತಿರವಿದ್ದರೆ ತಂತಿಯನ್ನು ತನ್ನ ಕಡೆ ಎಳೆದು, ಸ್ವರ ಬೇಗ ಸಾಯುವಂತೆ, ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಅಲುಗಿದಂತೆ ಮಾಡುತ್ತದೆ. ಸ್ಟ್ರ್ಯಾಟೋಕ್ಯಾಸ್ಟರ್‌ನಲ್ಲಿ ಇದು ಹಳೆಯ ಕಾಯಿಲೆ. ಆಕ್ಟಿವ್‌ನಲ್ಲಿ ಎಳೆತ ಕಡಿಮೆಯಾದ್ದರಿಂದ ಒಂದು ಮೀಟಿನಲ್ಲಿ ನಾಲ್ಕು ಸ್ವರ ಜಾರಿಸುವಷ್ಟು ಉಸಿರು ಉಳಿಯುತ್ತದೆ. ಇನ್ನೊಂದು, ಬಹಳಷ್ಟು ಇಎಂಜಿಗಳಲ್ಲಿ ಪ್ರತಿ ತಂತಿಗೊಂದು ಗುಂಡಿಯ ಬದಲು ಉದ್ದದ ಪಟ್ಟಿ ಇರುತ್ತದೆ. ತಂತಿಯನ್ನು ಅಡ್ಡಕ್ಕೆ ಎಳೆದಾಗ ಎರಡು ಗುಂಡಿಗಳ ನಡುವೆ ಸಿಕ್ಕಿ ಸದ್ದು ಕುಗ್ಗುವ ಪ್ರಸಂಗ ಬರುವುದಿಲ್ಲ.

ಮನೇಲಿ ಗುಂಯ್ ಅಂತ ಒಂದೇ ಸಮ ಹಮ್ ಬರುತ್ತೆ. ಆಕ್ಟಿವ್ ಹಾಕಿದ್ರೆ ಹೋಗುತ್ತಾ?

ಅದು ಹಮ್ ಎಲ್ಲಿಂದ ಬರುತ್ತಿದೆ ಎಂಬುದರ ಮೇಲೆ ನಿಂತಿದೆ. ಗಿಟಾರ್ ಹಿಡಿದು ಕುಳಿತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ದಿಕ್ಕು ಬದಲಾದಂತೆ ಸದ್ದು ಏರಿಳಿದರೆ ಪಿಕಪ್ ಹಿಡಿಯುತ್ತಿರುವ 50 ಹರ್ಟ್ಸ್ ಗದ್ದಲ ಅದು. ಫ್ಯಾನ್ ರೆಗ್ಯುಲೇಟರ್, ಯುಪಿಎಸ್, ಹತ್ತಿರದ ಅಡಾಪ್ಟರ್ ಯಾವುದು ಬೇಕಾದರೂ ಕಾರಣ ಆಗಿರಬಹುದು. ಇದಕ್ಕೆ ಆಕ್ಟಿವ್ ಪಿಕಪ್ ಒಳ್ಳೆಯ ಮದ್ದು, ಆದರೆ ಪ್ಯಾಸಿವ್ ಹಂಬಕರ್ ಕೂಡ ಬಹುಪಾಲು ಗುಣ ಮಾಡುತ್ತದೆ.

ತಂತಿ ಮುಟ್ಟಿದಾಗ ಸದ್ದು ನಿಂತು, ಕೈ ಎತ್ತಿದಾಗ ಮತ್ತೆ ಬಂದರೆ ಗಿಟಾರಿನ ಶೀಲ್ಡಿಂಗ್ ಬಡವಾಗಿದೆ. ಒಳಗೆ ತಾಮ್ರದ ಟೇಪ್ ಅಂಟಿಸಿದರೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಕೇಬಲ್ ತೆಗೆದರೂ ಆಂಪ್ ಗುಂಯ್ ಎನ್ನುತ್ತಲೇ ಇದ್ದರೆ ದೋಷ ಆಂಪಿನದ್ದು ಅಥವಾ ಮನೆಯ ಅರ್ಥಿಂಗ್‌ದು. ಅದನ್ನು ಯಾವ ಪಿಕಪ್ಪೂ ತೆಗೆಯಲಾರದು. ಗೇನ್ ಪೂರ್ತಿ ಏರಿಸಿದಾಗ ಬರುವ ಸುಸ್ ಎಂಬ ಸದ್ದೂ ಆಂಪಿನದೇ. ಅದಕ್ಕೆ ನಾಯ್ಸ್ ಗೇಟ್ ಬೇಕು.

## ಬ್ಯಾಟರಿ, ವೇದಿಕೆ

ಬ್ಯಾಟರಿ ಎಷ್ಟ ದಿನಾ ಬರ್ತದ್ರೀ? ಪದೇ ಪದೇ ಹಾಕಬೇಕಾಗ್ತದೇನು?

ಹಂಗೇನಿಲ್ರೀ. ಒಂದು ಇಎಂಜಿ 81 ಎಳೆಯುವುದು ಬರೀ 80 ಮೈಕ್ರೋ ಆಂಪಿಯರ್. ಕಂಪನಿ ಹೇಳುವ ಲೆಕ್ಕ 3000 ಗಂಟೆ. ಎರಡು ಪಿಕಪ್ ಇದ್ದರೆ ಅರ್ಧ ಮಾಡಿಕೊಳ್ಳಿ, 1500. ದಿನಕ್ಕೆ ಎರಡು ಗಂಟೆ ಅಭ್ಯಾಸ ಮಾಡಿದರೂ ವರ್ಷ ಧಾರಾಳ ದಾಟುತ್ತದೆ.

ಇಲ್ಲಿ ಒಂದೇ ಒಂದು ಅಭ್ಯಾಸ ಬಿಡಬೇಕು. ಗಿಟಾರಿನಲ್ಲಿ ಪ್ರತ್ಯೇಕ ಸ್ವಿಚ್ ಇರುವುದಿಲ್ಲ, ಜ್ಯಾಕೇ ಸ್ವಿಚ್. ಅದು ಸ್ಟೀರಿಯೋ ಜ್ಯಾಕ್. ಕೇಬಲ್ ಸಿಕ್ಕಿಸಿದಾಗ ಬ್ಯಾಟರಿಯ ನೆಗೆಟಿವ್ ವೈರ್ ಕೂಡಿಕೊಂಡು ಪ್ರೀಆಂಪ್ ಏಳುತ್ತದೆ. ಆಂಪ್ ಆಫ್ ಮಾಡಿ ಕೇಬಲ್ ಹಾಗೇ ಬಿಟ್ಟು ಮಲಗಿದರೆ ರಾತ್ರಿಯಿಡೀ ಬ್ಯಾಟರಿ ಇಳಿಯುತ್ತದೆ. ಸದಾ ಕೇಬಲ್ ಚುಚ್ಚಿಟ್ಟ ಗಿಟಾರಿನ 1500 ಗಂಟೆ ಎರಡು ತಿಂಗಳಲ್ಲಿ ಖಾಲಿ.

ಶೋ ಮಧ್ಯ ಬ್ಯಾಟರಿ ಸತ್ತರೆ? ಯಾವ ಬ್ಯಾಟರಿ ಹಾಕೋದು?

ಒಮ್ಮೆಲೇ ಸಾಯುವುದು ಅಪರೂಪ. ಮೊದಲು ಜೋರಾಗಿ ಹೊಡೆದ ಸ್ವರ ಒಡೆದು ಚರಚರ ಎನ್ನುತ್ತದೆ, ಆಮೇಲೆ ಸದ್ದು ಸಣ್ಣಗಾಗುತ್ತದೆ. ಕ್ಲೀನ್ ಚಾನೆಲ್‌ನಲ್ಲಿ ನುಡಿಸಿದರೆ ಬೇಗ ಗೊತ್ತಾಗುತ್ತದೆ. ಡಿಸ್ಟಾರ್ಶನ್‌ನಲ್ಲೇ ಇರುವವರಿಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಪ್ಯಾಸಿವ್‌ಗೆ ಈ ಭಯವೇ ಇಲ್ಲ ಎಂಬುದು ಅದರ ಪರವಾದ ದೊಡ್ಡ ಮಾತು, ಒಪ್ಪಲೇಬೇಕು.

9 ವೋಲ್ಟ್ ಬ್ಯಾಟರಿಯ ಮೈಮೇಲೆ 6ಎಫ್22 ಎಂದಿದ್ದರೆ ಅದು ಅಗ್ಗದ ಜಿಂಕ್-ಕಾರ್ಬನ್, 6ಎಲ್‌ಆರ್61 ಎಂದಿದ್ದರೆ ಆಲ್ಕಲೈನ್. ಆಲ್ಕಲೈನನ್ನೇ ಹಾಕಿ. ಬಾಳಿಕೆಯ ಮಾತು ಒಂದು ಕಡೆ, ಜಿಂಕ್-ಕಾರ್ಬನ್ ಹಳತಾದರೆ ಸೋರುವುದು ಇನ್ನೊಂದು ಕಡೆ. ಸೋರಿದ ರಸ ಕ್ಲಿಪ್ಪನ್ನೂ ವೈರನ್ನೂ ತಿಂದುಹಾಕುತ್ತದೆ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲ ಮುಗಿದ ಮೇಲೆ ಒಮ್ಮೆ ಮುಚ್ಚಳ ತೆಗೆದು ಕ್ಲಿಪ್‌ಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಹೊಸ ಬ್ಯಾಟರಿ ಹಾಕಿದ ದಿನಾಂಕವನ್ನು ಅದರ ಮೇಲೇ ಪೆನ್ನಿನಲ್ಲಿ ಬರೆದಿಡಿ, ಗಿಟಾರ್ ಬ್ಯಾಗಿನಲ್ಲಿ ಇನ್ನೊಂದನ್ನು ಸದಾ ಇಟ್ಟಿರಿ.

ಹಳ್ಳಿ ಪ್ರೋಗ್ರಾಮಲ್ಲಿ ಹಾಡ್ತಾ ನುಡಿಸುವಾಗ ಮೈಕ್ ತಾಗಿ ತುಟಿಗೆ ಶಾಕ್ ಹೊಡೀತು. ಆಕ್ಟಿವ್ ಆದ್ರೆ ಹೊಡೆಯಲ್ಲ ಅಂತಾರೆ?

ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ಯಾಸಿವ್ ಗಿಟಾರಿನಲ್ಲಿ ಗದ್ದಲ ತಗ್ಗಿಸಲೆಂದು ಬ್ರಿಡ್ಜ್‌ಗೆ ಒಂದು ಗ್ರೌಂಡ್ ವೈರ್ ಬೆಸೆದಿರುತ್ತಾರೆ. ಅಂದರೆ ನಿಮ್ಮ ಬೆರಳು ಮುಟ್ಟುವ ತಂತಿ ಕೇಬಲ್ ಮೂಲಕ ಆಂಪಿನ ಅರ್ಥ್‌ಗೆ ಸೇರಿದೆ. ಮೈಕ್ ಇನ್ನೊಂದು ಲೈನಿನಿಂದ ಬಂದ ಮಿಕ್ಸರ್‌ಗೆ ಸೇರಿದೆ. ಪೆಂಡಾಲಿನ ಒಂದು ಬದಿಯ ಅರ್ಥಿಂಗ್ ಕೆಟ್ಟಿದ್ದರೆ ಎರಡರ ನಡುವಿನ ವೋಲ್ಟೇಜ್ ನಿಮ್ಮ ಕೈಯಿಂದ ತುಟಿಗೆ ಹರಿಯುತ್ತದೆ.

ಇಎಂಜಿ ಥರದ ಪಿಕಪ್‌ಗಳಿಗೆ ಒಳಗೇ ಶೀಲ್ಡಿಂಗ್ ಇರುವುದರಿಂದ ಬ್ರಿಡ್ಜ್‌ನ ಆ ವೈರ್ ಬೇಕಾಗಿಲ್ಲ. ಕಂಪನಿಯೇ ಅದನ್ನು ತೆಗೆಯಲು ಹೇಳುತ್ತದೆ. ತೆಗೆದರೆ ತಂತಿಯ ಮೂಲಕ ಹರಿಯುವ ದಾರಿ ಮುಚ್ಚುತ್ತದೆ. ನಮ್ಮ ಕಡೆಯ ವೇದಿಕೆಗಳನ್ನು ಕಂಡವನಾಗಿ, ಆಕ್ಟಿವ್ ಪಿಕಪ್ಪಿನ ಲಾಭಗಳಲ್ಲಿ ನಾನು ಇದನ್ನೇ ಮೊದಲಿಗೆ ಇಡುತ್ತೇನೆ. ಇಷ್ಟಾದರೂ ಜ್ಯಾಕ್ ಪ್ಲೇಟ್, ಲೋಹದ ನಾಬ್‌ಗಳು ಗ್ರೌಂಡ್‌ಗೆ ಸೇರಿಯೇ ಇರಬಹುದು. ಪಿಕಪ್ ಬದಲಾಯಿಸಿದ್ದೇನೆ ಎಂದು ಕೆಟ್ಟ ಅರ್ಥಿಂಗ್ ಮೇಲೆ ನುಡಿಸಬೇಡಿ. ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಮುರಿದು ಸಿಕ್ಕಿಸಿದ್ದರೆ ಆ ಲೈನ್ ಒಪ್ಪಿಕೊಳ್ಳಬೇಡಿ. ಹಾಡುವ ಮುನ್ನ ಎಲೆಕ್ಟ್ರಿಷಿಯನ್‌ಗೆ ಹೇಳಿ ಮೈಕಿನ ಜಾಲರಿಗೆ ಟೆಸ್ಟರ್ ಹಿಡಿಸಿ. ಟೆಸ್ಟರ್ ಮಿನುಗಿದರೆ ಸರಿಯಾಗುವವರೆಗೆ ವೇದಿಕೆ ಹತ್ತಬೇಡಿ.

ಫಝ್ ಪೆಡಲ್ ಮುಂಚೆ ಎಷ್ಟು ಚೆನ್ನಾಗಿತ್ತು, ಆಕ್ಟಿವ್ ಹಾಕಿದ್ಮೇಲೆ ಕರ್ಕಶ ಆಯ್ತು. ಯಾಕೆ?

ಫಝ್ ಎಂದರೆ ಸದ್ದನ್ನು ಒರಟಾಗಿ ಒಡೆಯುವ ಪೆಡಲ್. ಫಝ್ ಫೇಸ್ ಜಾತಿಯ ಹಳೆಯ ಸರ್ಕ್ಯೂಟುಗಳ ಒಳಬಾಯಿಯ ಇಂಪೀಡನ್ಸ್ ತೀರಾ ಕಡಿಮೆ. ಅವು ಪ್ಯಾಸಿವ್ ಪಿಕಪ್ಪಿನ ಸುರುಳಿಯನ್ನೇ ತಮ್ಮ ಸರ್ಕ್ಯೂಟಿನ ಭಾಗದಂತೆ ಬಳಸಿಕೊಳ್ಳುತ್ತವೆ. ಸುರುಳಿಯ ಆ ತಡೆ ಇದ್ದಾಗಲೇ ಫಝ್ ಮೆತ್ತಗೆ ಗುಂಡಗೆ ಕೇಳುವುದು, ವಾಲ್ಯೂಮ್ ಇಳಿಸಿದಾಗ ತಿಳಿಯಾಗುವುದು. ಆಕ್ಟಿವ್ ಬಂದರೆ ಆ ನಂಟು ಕಡಿದುಹೋಗುತ್ತದೆ. ಪಿಕಪ್ ಸಿಮ್ಯುಲೇಟರ್ ಎಂಬ ಸಣ್ಣ ಟ್ರಾನ್ಸ್‌ಫಾರ್ಮರ್ ಸರ್ಕ್ಯೂಟನ್ನು ಫಝ್‌ಗೆ ಮುಂಚೆ ಹಾಕಿ ತಕ್ಕಮಟ್ಟಿಗೆ ಸರಿಪಡಿಸಬಹುದು. ಆದರೆ ಫಝ್ ನಿಮ್ಮ ದನಿಯ ಜೀವಾಳವಾಗಿದ್ದರೆ ಪ್ಯಾಸಿವ್‌ನಲ್ಲೇ ಇರಿ.

ಆಂಪ್ ಇಲ್ಲ, ಇಂಟರ್ಫೇಸ್‌ಗೆ ಹಾಕಿ ಲ್ಯಾಪ್‌ಟಾಪಲ್ಲಿ ನುಡಿಸ್ತೀನಿ. ಏನಾದ್ರೂ ತೊಂದ್ರೆ ಇದೆಯಾ?

ಇನ್‌ಪುಟ್ ಗೇನ್ ಪೂರ್ತಿ ಇಳಿಸಿ, ಜೋರಾಗಿ ಹೊಡೆದು ನೋಡಿ. ಆಕ್ಟಿವ್ ಪಿಕಪ್ಪಿನ ಸಿಗ್ನಲ್ ಗಟ್ಟಿ. ಕೆಂಪು ದೀಪ ಹತ್ತಿದರೆ ಸಿಗ್ನಲ್ ತಗ್ಗಿಸುವ ಪ್ಯಾಡ್ ಸ್ವಿಚ್ ಒತ್ತಿ, ಅದಿಲ್ಲದಿದ್ದರೆ ಪಿಕಪ್ಪನ್ನೇ ಸ್ವಲ್ಪ ಇಳಿಸಿ. ವೈರ್‌ಲೆಸ್ ಕೊಳ್ಳುವವರಿಗೂ ಒಂದು ಮಾತು: ಜ್ಯಾಕಿಗೆ ಚುಚ್ಚುವ ಕಡಿಮೆ ಬೆಲೆಯ ಟ್ರಾನ್ಸ್‌ಮಿಟರ್‌ಗಳಲ್ಲಿ ಕೆಲವು ಆಕ್ಟಿವ್ ಪಿಕಪ್ ಜೊತೆ ಗದ್ದಲ ಮಾಡುತ್ತವೆ. ಜೊತೆಗೆ ಬರುವ ಹಾಳೆಯಲ್ಲಿ ಆಕ್ಟಿವ್‌ಗೆ ಹೊಂದುತ್ತದೆ ಎಂದು ಬರೆದಿದೆಯೇ ಓದಿ ಕೊಳ್ಳಿ.

ಪಿಕಪ್ ಬದಲಾಯಿಸದೇನೇ ಆಕ್ಟಿವ್‌ನ ಲಾಭ ಸಿಗೋ ದಾರಿ ಇದೆಯಾ?

ಅರ್ಧದಷ್ಟು ಸಿಗುತ್ತದೆ. ಗಿಟಾರಿನಿಂದ ಮೂರು ಮೀಟರಿನ ಸಣ್ಣ ಕೇಬಲ್ ತಂದು, ಬಫರ್ (ಪಿಕಪ್ಪಿನ ಮೇಲಿನ ಭಾರ ತಪ್ಪಿಸುವ ಪುಟ್ಟ ಸರ್ಕ್ಯೂಟ್) ಇರುವ ಪೆಡಲ್‌ಗೆ ಸಿಕ್ಕಿಸಿ. ಬಾಸ್ ಕಂಪನಿಯ ಟ್ಯೂನರ್ ಅಥವಾ ಓವರ್‌ಡ್ರೈವ್ ಆಫ್ ಆಗಿದ್ದರೂ ಬಫರ್ ಕೆಲಸ ಮಾಡುತ್ತಿರುತ್ತದೆ, ಆದರೆ ಪೆಡಲ್‌ಗೆ ಪವರ್ ಇರಬೇಕು. ಅಲ್ಲಿಂದ ಮುಂದಕ್ಕೆ ಎಷ್ಟು ಉದ್ದದ ಕೇಬಲ್ ಎಳೆದರೂ ಹೊಳಪು ಉಳಿಯುತ್ತದೆ. ನಿಮ್ಮ ದೂರು ಬರೀ "ಸೌಂಡ್ ಮಂಕಾಗಿದೆ" ಎಂಬುದಾಗಿದ್ದರೆ ಮೊದಲು ಇದನ್ನು ಮಾಡಿ ನೋಡಿ. ಫಝ್ ಇದ್ದರೆ ಅದನ್ನು ಬಫರ್‌ಗಿಂತ ಮುಂಚೆ ಇಡಿ.

## ಬಿಚ್ಚಿ ಜೋಡಿಸುವವರಿಗೆ

ನನ್ನ ಗಿಟಾರ್‌ಗೆ ಕೂರುತ್ತಾ? ಮರ ಕೆತ್ತಬೇಕಾ?

ಪಿಕಪ್ ಕೂರುತ್ತದೆ, ತಕರಾರು ಬ್ಯಾಟರಿಯದು. ಸ್ಟ್ರ್ಯಾಟೋಕ್ಯಾಸ್ಟರ್ ಮಾದರಿಯಲ್ಲಿ ಹಿಂಬದಿಯ ಸ್ಪ್ರಿಂಗ್ ಗುಳಿಯಲ್ಲೋ ಪಿಕ್‌ಗಾರ್ಡ್ ಅಡಿಯಲ್ಲೋ ಹೇಗೋ ಜಾಗ ಮಾಡಬಹುದು. ಲೆಸ್ ಪಾಲ್ ಮಾದರಿಯಲ್ಲಿ ನಾಲ್ಕು ಪಾಟ್‌ಗಳ (ನಾಬ್ ಅಡಿಯ ತಿರುಗುವ ರೆಸಿಸ್ಟರ್‌ಗಳ) ನಡುವೆ ತುರುಕಬೇಕು. ಬ್ಯಾಟರಿಯನ್ನು ಸ್ಪಂಜಿನಲ್ಲಿ ಸುತ್ತಿ ಇಡಿ, ಇಲ್ಲದಿದ್ದರೆ ಅಲುಗಿ ಪಾಟ್‌ನ ಕಾಲಿಗೆ ತಾಗುತ್ತದೆ. ಗುಳಿ ತೀರಾ ಚಿಕ್ಕದಾದ ಗಿಟಾರುಗಳಿಗೆ ಬ್ಯಾಟರಿ ಬಾಕ್ಸ್ ಕೂರಿಸಲು ಮರ ಕೊರೆಯಬೇಕು. ಹಳೆಯ, ಬೆಲೆಬಾಳುವ ಗಿಟಾರ್ ಆಗಿದ್ದರೆ ಕೊರೆಯಬೇಡಿ ಎಂದೇ ಹೇಳುತ್ತೇನೆ. ತೆಗೆದ ಹಳೆಯ ಪಿಕಪ್, ಪಾಟ್, ಜ್ಯಾಕ್ ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ಹೆಸರು ಬರೆದಿಡಿ.

ಹಳೇ 500ಕೆ ಪಾಟ್‌ಗಳನ್ನೇ ಉಳಿಸಿಕೊಳ್ಳಬಹುದಾ?

ಬೇಡ. ಅದರಲ್ಲಿ ವಾಲ್ಯೂಮ್ ನಾಬ್ ಸ್ವಿಚ್‌ನಂತೆ ವರ್ತಿಸುತ್ತದೆ, ತುದಿಯಲ್ಲಿ ಸ್ವಲ್ಪ ತಿರುಗಿಸಿದರೆ ಪೂರ್ತಿ ಸದ್ದು. ಇಎಂಜಿ, ಇನ್ನೊಂದು ಆಕ್ಟಿವ್ ಪಿಕಪ್ ಕಂಪನಿಯಾದ ಫಿಶ್‌ಮನ್ ಎರಡಕ್ಕೂ 25ಕೆ ಪಾಟ್ ಬೇಕು. ಸಾಮಾನ್ಯವಾಗಿ ಪಿಕಪ್ ಪೊಟ್ಟಣದಲ್ಲೇ ಬರುತ್ತದೆ. ಬೇರೆ ಬೇಕಾದರೆ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಹುಡುಕಬಹುದು. ವಾಲ್ಯೂಮ್‌ಗೆ ಎ ಅಕ್ಷರದ ಲಾಗ್ ಪಾಟ್ ಕೇಳಿ, ಬಿ ಎಂದರೆ ಲೀನಿಯರ್. ನಿಮ್ಮ ಗಿಟಾರಿನ ಮರದ ದಪ್ಪಕ್ಕೆ ತಕ್ಕಂತೆ ಪಾಟ್‌ನ ಕತ್ತು ಉದ್ದ ಇದೆಯೇ ಎಂದು ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿ.

ಬ್ರಿಡ್ಜ್‌ನಲ್ಲಿ ಆಕ್ಟಿವ್, ನೆಕ್‌ನಲ್ಲಿ ಪ್ಯಾಸಿವ್ ಇಟ್ಟರೆ ಎರಡರ ಸುಖವೂ ಸಿಗುತ್ತಲ್ಲ?

ಎಲ್ಲರಿಗೂ ಒಮ್ಮೆ ಹೊಳೆಯುವ ಯೋಚನೆ ಇದು. ಪಾಟ್‌ಗಳಲ್ಲೇ ಮೊದಲ ತೊಡಕು: 25ಕೆ ಹಾಕಿದರೆ ಪ್ಯಾಸಿವ್ ಉಸಿರುಗಟ್ಟಿ ಮಂಕಾಗುತ್ತದೆ, 500ಕೆ ಹಾಕಿದರೆ ಆಕ್ಟಿವ್‌ನ ನಾಬ್ ಕೆಲಸಕ್ಕೆ ಬಾರದು. ಎರಡಕ್ಕೂ ಬೇರೆ ಬೇರೆ ವಾಲ್ಯೂಮ್ ಇದ್ದರೂ ಸ್ವಿಚ್ಚನ್ನು ನಡುವೆ ಇಟ್ಟಾಗ ಆಕ್ಟಿವ್‌ನ ಕಡಿಮೆ ಇಂಪೀಡನ್ಸ್ ಪ್ಯಾಸಿವ್ ಸಿಗ್ನಲನ್ನು ಕುಡಿದುಬಿಡುತ್ತದೆ. ಸರಿಯಾದ ದಾರಿ ಪ್ಯಾಸಿವ್ ಪಿಕಪ್ಪಿಗೆ ಗಿಟಾರಿನೊಳಗೇ ಒಂದು ಬಫರ್ ಹಾಕುವುದು. ಆಮೇಲೆ ಎರಡೂ 25ಕೆ ಪಾಟ್‌ಗೆ ಹೊಂದುತ್ತವೆ. ಆದರೆ ಬಫರ್ ಹಾಕಿದ ಮೇಲೆ ಫಝ್ ಜೊತೆಗಿನ ಸಲಿಗೆ, ವಾಲ್ಯೂಮ್ ಇಳಿಸಿದಾಗಿನ ಮೆತ್ತನೆಯ ಬಣ್ಣ ಎರಡೂ ಹೋಗುತ್ತವೆ. ಅವಕ್ಕಾಗಿಯೇ ಪ್ಯಾಸಿವ್ ಉಳಿಸಿಕೊಂಡಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ.

ಆಕ್ಟಿವ್ ಹಂಬಕರನ್ನು ಕಾಯಿಲ್ ಸ್ಪ್ಲಿಟ್ ಮಾಡ್ಬಹುದಾ? ಫಿಶ್‌ಮನ್‌ನಲ್ಲಿ ಆಗುತ್ತೆ ಅಂತಾರೆ.

ಕಾಯಿಲ್ ಸ್ಪ್ಲಿಟ್ ಎಂದರೆ ಹಂಬಕರಿನ ಎರಡು ಸುರುಳಿಗಳಲ್ಲಿ ಒಂದನ್ನಷ್ಟೇ ಬಳಸುವುದು. ಅದು ಇಎಂಜಿ 81ರಲ್ಲಿ ಆಗುವುದಿಲ್ಲ. ಎರಡು ಸುರುಳಿಗಳೂ ಒಳಗಿನ ಪ್ರೀಆಂಪ್‌ಗೆ ಸೇರಿ ಒಂದೇ ಸಿಗ್ನಲ್ ಹೊರಬರುವುದರಿಂದ ಬೇರ್ಪಡಿಸಲು ನಿಮಗೆ ವೈರ್ ಸಿಗುವುದಿಲ್ಲ. ಎರಡು ದನಿ ಬೇಕೆಂದರೆ ಅದಕ್ಕೆಂದೇ ಮಾಡಿದ 89 ಅಥವಾ 81ಟಿಡಬ್ಲ್ಯೂ ಕೊಳ್ಳಬೇಕು.

2014ರಲ್ಲಿ ಬಂದ ಫಿಶ್‌ಮನ್ ಫ್ಲೂಯೆನ್ಸ್ ಈ ಮಾತನ್ನು ಬದಲಿಸಿತು. ತಂತಿ ಸುತ್ತುವ ಬದಲು ಪದರ ಪದರವಾಗಿ ಮುದ್ರಿಸಿದ ಸರ್ಕ್ಯೂಟ್ ಬೋರ್ಡುಗಳೇ ಅದರಲ್ಲಿ ಸುರುಳಿ. ಒಂದು ಸ್ವಿಚ್ ಎಳೆದರೆ ಪ್ರೀಆಂಪಿನ ರೂಪವೇ ಬದಲಾಗಿ ಹಳೆಯ ಪ್ಯಾಸಿವ್‌ನಂಥ ಬೆಚ್ಚನೆಯ ದನಿಯೂ ಹೊಸ ಕಾಲದ ಗಡುಸು ದನಿಯೂ ಒಂದೇ ಪಿಕಪ್ಪಿನಲ್ಲಿ ಬರುತ್ತವೆ. ಕೆಲವು ಮಾದರಿಗಳಲ್ಲಿ ಸಿಂಗಲ್ ಕಾಯಿಲ್ ದನಿಯೂ ಇದೆ. "ಆಕ್ಟಿವ್‌ಗೆ ಒಂದೇ ಮುಖ" ಎಂಬ ಹಳೆಯ ದೂರಿಗೆ ನಾನು ಕೇಳಿದ ಉತ್ತರಗಳಲ್ಲಿ ಇದೇ ಗಟ್ಟಿ. ಆದರೆ ಇದು ಹೆಚ್ಚು ಕರೆಂಟ್ ಎಳೆಯುತ್ತದೆ. ಬ್ಯಾಟರಿ ಸಾವಿರಗಟ್ಟಲೆ ಗಂಟೆ ಬರುವುದಿಲ್ಲ, ನೂರರ ಲೆಕ್ಕದಲ್ಲಿ ಎಣಿಸಬೇಕು. ಅದಕ್ಕೇ ಕಂಪನಿಯವರು ಚಾರ್ಜ್ ಮಾಡುವ ಬ್ಯಾಟರಿ ಪ್ಯಾಕನ್ನೂ ಮಾರುತ್ತಾರೆ.

ಎರಡು ಬ್ಯಾಟರಿ ಹಾಕಿ 18 ವೋಲ್ಟ್ ಮಾಡಿದ್ರೆ ಸೌಂಡ್ ಡಬಲ್ ಆಗುತ್ತಾ?

ಸದ್ದು ಹೆಚ್ಚುವುದಿಲ್ಲ. ಹೆಚ್ಚುವುದು ಪ್ರೀಆಂಪ್ ತಲೆ ತಟ್ಟದೆ ಏಳಬಹುದಾದ ಎತ್ತರ. ಜೋರಾದ ಪೆಟ್ಟಿನ ಮೊದಲ ಕ್ಷಣ ಚಪ್ಪಟೆಯಾಗದೆ ಪೂರ್ತಿ ಹೊರಬರುತ್ತದೆ, ಕ್ಲೀನ್ ನುಡಿಸುವಾಗ ಬೆರಳಿನ ಏರಿಳಿತ ಹೆಚ್ಚು ಕಾಣುತ್ತದೆ. ಪೂರ್ತಿ ಡಿಸ್ಟಾರ್ಶನ್‌ನಲ್ಲಿ ನುಡಿಸುವವರಿಗೆ ಈ ವ್ಯತ್ಯಾಸ ಆಂಪಿನಲ್ಲೇ ಕರಗಿಹೋಗುತ್ತದೆ. ಅವರು ಎರಡನೇ ಬ್ಯಾಟರಿಗೆ ಜಾಗ ಹುಡುಕಿ ಒದ್ದಾಡಬೇಕಾಗಿಲ್ಲ. ಇದನ್ನು ಮಾಡುವ ಮುನ್ನ ಪಿಕಪ್ಪನ್ನು ಒಂದೆರಡು ಮಿಲಿಮೀಟರ್ ಕೆಳಗಿಳಿಸಿ ನೋಡಿ. ಹಲವರಿಗೆ ಬೇಕಾದ ಉಸಿರಾಟ ಅಲ್ಲೇ ಸಿಗುತ್ತದೆ.

ಮಾಡುವುದೇ ಆದರೆ, ನಿಮ್ಮ ಪಿಕಪ್ ಎಷ್ಟು ವೋಲ್ಟ್ ತಾಳುತ್ತದೆ ಎಂದು ಕಂಪನಿಯ ಹಾಳೆಯಲ್ಲಿ ಓದಿಕೊಳ್ಳಿ. ಇಎಂಜಿ 81, 85ರಂಥವು 27 ವೋಲ್ಟ್‌ವರೆಗೆ ತಡೆಯುತ್ತವೆ. ಒಂದು ಕ್ಲಿಪ್ಪಿನ ಕೆಂಪು ವೈರನ್ನು ಇನ್ನೊಂದರ ಕಪ್ಪು ವೈರಿಗೆ ಬೆಸೆದು ಟೇಪ್ ಸುತ್ತಿ. ಉಳಿದ ಕೆಂಪು ಪಿಕಪ್‌ಗಳ ಕಡೆಗೆ, ಉಳಿದ ಕಪ್ಪು ಜ್ಯಾಕಿನ ರಿಂಗ್ ಕಾಲಿಗೆ. ಪಿಕಪ್ಪಿಗೆ ಜೋಡಿಸುವ ಮುನ್ನ ಆ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿಯಿರಿ: 18ರ ಆಸುಪಾಸು ತೋರಿಸಿದರೆ ಸರಿ, 9 ತೋರಿಸಿದರೆ ಬ್ಯಾಟರಿಗಳು ಸಮಾಂತರವಾಗಿ ಸೇರಿವೆ, ಬಿಚ್ಚಿ ಮತ್ತೆ ಬೆಸೆಯಿರಿ. ಬದಲಾಯಿಸುವಾಗ ಎರಡನ್ನೂ ಒಟ್ಟಿಗೇ ಬದಲಾಯಿಸಿ.